ಒಡೆದರೂ ಇರಿಯದ ಗಾಜು

ಅಂಗಡಿ, ಆಸ್ಪತ್ರೆ, ಬ್ಯಾಂಕು ಎಲ್ಲೆಲ್ಲೂ ಈಗ ಗಾಜಿನ ಬಾಗಿಲು. ಚೆನ್ನಾಗಿ ಒರೆಸಿಟ್ಟ ಗಾಜು ಕಣ್ಣಿಗೇ ಕಾಣದು. ಓಡಿ ಬಂದ ಮಗುವೊಂದು ಅದಕ್ಕೆ ಡಿಕ್ಕಿ ಹೊಡೆದರೆ? ಆಗುವ ಗಾಯ ಚಿಕ್ಕದೋ ದೊಡ್ಡದೋ ಎಂಬುದು ಆ ಗಾಜು ಒಡೆಯುವ ಬಗೆಯನ್ನು ಅವಲಂಬಿಸಿದೆ.

ಕಿಟಕಿಗೆ ಹಾಕುವ ಸಾಮಾನ್ಯ ಗಾಜು ಉದ್ದುದ್ದನೆಯ ಚೂಪು ಚೂರುಗಳಾಗಿ ಸೀಳುತ್ತದೆ. ಮಣಿಕಟ್ಟಿನ ರಕ್ತನಾಳ ಕತ್ತರಿಸಲು ಅಂಥ ಒಂದು ಚೂರು ಸಾಕು. ಆದ್ದರಿಂದಲೇ ಬಾಗಿಲುಗಳಿಗೆ ಸುರಕ್ಷಾ ಗಾಜು ಬೇಕು. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಟಫನ್ಡ್ ಗಾಜು. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ಎರಡೂ ಬದಿಗೆ ರಭಸದಿಂದ ಗಾಳಿ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿದು ಕುಗ್ಗುವಾಗ ಹೊರಮೈಯನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಹೀಗೆ ಹೊರಮೈಯಲ್ಲಿ ಸಂಪೀಡನ, ಒಳಗೆ ಕರ್ಷಣ ಉಳಿಯುತ್ತದೆ. ಮೇಲ್ಮೈಯ ಸೂಕ್ಷ್ಮ ಬಿರುಕುಗಳು ಬಾಯಿ ತೆರೆದಾಗ ಗಾಜು ಒಡೆಯುತ್ತದೆ. ಸಂಪೀಡನ ಆ ಬಾಯಿಯನ್ನು ಮುಚ್ಚಿ ಹಿಡಿಯುತ್ತದೆ. ಹಾಗಾಗಿ ಇದು ಸಾಮಾನ್ಯ ಗಾಜಿಗಿಂತ ಸುಮಾರು ನಾಲ್ಕು ಪಟ್ಟು ಗಟ್ಟಿ. ಬಿರುಕು ಒಳಭಾಗವನ್ನು ತಲುಪಿತೋ, ಅಡಗಿದ್ದ ಶಕ್ತಿಯೆಲ್ಲ ಬಿಡುಗಡೆಯಾಗಿ ಇಡೀ ಹಾಳೆ ಕಲ್ಲುಸಕ್ಕರೆಯಂಥ ಹರಳುಗಳಾಗಿ ಉದುರುತ್ತದೆ. ತರಚು ಗಾಯವಾದೀತು, ಆಳವಾಗಿ ಇರಿಯುವ ಸಂಭವ ಬಹಳ ಕಡಿಮೆ. ತಯಾರಾದ ಮೇಲೆ ಇದನ್ನು ಕತ್ತರಿಸಲಾಗದು, ತೂತು ಕೊರೆಯಲಾಗದು. ಅವೆಲ್ಲ ಕಾಯಿಸುವ ಮೊದಲೇ ಆಗಬೇಕು.

ಎರಡನೆಯದು ಲ್ಯಾಮಿನೇಟೆಡ್ ಗಾಜು. ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ. ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಕಾರಿನ ಮುಂಗಾಜು ಇದೇ. ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ 1909ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕೆಳಗೆ ಬಿದ್ದ ಫ್ಲಾಸ್ಕೊಂದು ಬಿರುಕು ಬಿಟ್ಟರೂ ಚೆದುರದೆ ಉಳಿದದ್ದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತಂತೆ.

ತಂತಿ ಜಾಲರಿ ಹುದುಗಿಸಿದ ಗಾಜು ಗಟ್ಟಿಯೆಂದು ಅನೇಕರು ನಂಬುತ್ತಾರೆ. ಅದು ಮುಖ್ಯವಾಗಿ ಬೆಂಕಿ ತಡೆಗೆ ಬಳಕೆಗೆ ಬಂದದ್ದು. ಅದರೊಳಗೆ ತೂರಿದ ಕೈಯನ್ನು ಹಿಂದಕ್ಕೆಳೆದರೆ ತಂತಿ, ಚೂರು ಎರಡೂ ಕೊಯ್ಯುತ್ತವೆ.

ಜನರು ಡಿಕ್ಕಿ ಹೊಡೆಯಬಹುದಾದ ಗಾಜಿನ ಬಗ್ಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16231ರ 4ನೇ ಭಾಗ ನಿಯಮಗಳನ್ನು ಹೇಳುತ್ತದೆ. ಬಾಗಿಲು, ಅದರ ಪಕ್ಕದ ಗಾಜು, ನೆಲದ ಸಮೀಪದ ಗಾಜು, ಸ್ನಾನದ ಮನೆ ಇವು ಹೆಚ್ಚು ಅಪಾಯದ ಜಾಗಗಳು.

ನಿಮ್ಮ ಮನೆ, ಶಾಲೆಗಳಲ್ಲಿ ಒಮ್ಮೆ ನೋಡಿ. ಟಫನ್ಡ್ ಗಾಜಿನ ಮೂಲೆಯಲ್ಲಿ ಸಾಮಾನ್ಯವಾಗಿ ಅಳಿಸಲಾಗದ ಮುದ್ರೆಯಿರುತ್ತದೆ. ಅದಿಲ್ಲದಿದ್ದರೆ ಮಾರಿದವರನ್ನು ವಿಚಾರಿಸಿ. ಹಳೆಯ ಗಾಜನ್ನು ಬದಲಿಸುವವರೆಗೆ ಸುರಕ್ಷಾ ಫಿಲ್ಮ್ ಅಂಟಿಸಬಹುದು. ಗಾಜು ಯಾವುದೇ ಇರಲಿ, ದೊಡ್ಡವರ ಕಣ್ಣಿನ ಮಟ್ಟಕ್ಕೊಂದು, ಮಕ್ಕಳ ಕಣ್ಣಿನ ಮಟ್ಟಕ್ಕೊಂದು ಬಣ್ಣದ ಪಟ್ಟಿ ಇರಲಿ. ಕೆಲವೇ ರೂಪಾಯಿಯ ಆ ಪಟ್ಟಿ ಡಿಕ್ಕಿಯನ್ನೇ ತಪ್ಪಿಸೀತು.