ಹಳೆಯ ಕಥೆ, ಹೊಸ ಜೋಡಿ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಂಡೆಯ ಮೇಲೆ ಕೊರೆದ ಅಶೋಕ ಚಕ್ರವರ್ತಿಯ ಶಾಸನವೊಂದಿದೆ. 1915ರಲ್ಲಿ ಬೆಳಕಿಗೆ ಬಂದ ಈ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇದ್ದುದರಿಂದ ಇತಿಹಾಸಕಾರರ ಬಹುಕಾಲದ ಸಂದೇಹವೊಂದು ಪರಿಹಾರವಾಯಿತು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಬರಹಕ್ಕೆ ಇಂದು ಯಾರೂ ಒಂದಕ್ಷರವನ್ನು ಕೂಡಿಸುವಂತಿಲ್ಲ, ಒಂದಕ್ಷರವನ್ನು ಅಳಿಸುವಂತಿಲ್ಲ. ಕಲ್ಲಿನ ಬರಹದ ಗುಣವೇ ಅಂಥದು. ಆದರೆ ಅದೇ ಸೀಮೆಯ ಜನರ ನಾಲಗೆಯ ಮೇಲೆ ಬದುಕಿರುವ ರಾಮಾಯಣ, ಮಹಾಭಾರತಗಳ ಗುಣ ಬೇರೆ. ತಲೆಮಾರಿನಿಂದ ತಲೆಮಾರಿಗೆ ಅವು ಸಾಗಿಬರುವಾಗ ಪ್ರತಿಯೊಬ್ಬ ಹೇಳುಗನೂ ಒಂದಿಷ್ಟು ಬಿಡುತ್ತಾನೆ, ಒಂದಿಷ್ಟು ಕೂಡಿಸುತ್ತಾನೆ. ಹೀಗೆ ಕೂಡಿಸುವುದಕ್ಕೆ ಮಿತಿ ಎಲ್ಲಿ?

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ವಳಕಮದಿನ್ನಿ ಎಂಬ ಊರಿದೆ. ಅಲ್ಲಿಯ ಮನೆಯೊಂದರ ಕಟ್ಟೆಯ ಮೇಲೆ ಒಂದು ಸಂಜೆ ನಡೆಯಬಹುದಾದ ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಕೈಯಲ್ಲಿ ಮೊಬೈಲು. ಅದರಲ್ಲಿ ಯಾರೋ ಅಭಿಮಾನಿ ಬರೆದು ಹಾಕಿದ ಚಿತ್ರಕಥೆ. ದುರ್ಯೋಧನನ ರಾಣಿ ಭಾನುಮತಿಯೂ ಕರ್ಣನೂ ಪಗಡೆಯಾಡುತ್ತಿದ್ದಾರೆ. ಮುಂದಿನ ಚಿತ್ರದಲ್ಲಿ ಅವರ ಕಣ್ಣುಗಳು ಕೂಡುತ್ತವೆ. ಅದರ ಮುಂದಿನದರಲ್ಲಿ ಅವರು ಪ್ರೇಮಿಗಳು. ಹುಡುಗಿ ಬೆರಗಾಗಿ, ಪಕ್ಕದಲ್ಲಿ ಕುಳಿತ ತಾತನನ್ನು ಕೇಳುತ್ತಾಳೆ: "ತಾತ, ಕರ್ಣಗೂ ಭಾನುಮತಿಗೂ ಪ್ರೀತಿ ಇತ್ತೇನು?" ಪ್ರಾಯದಲ್ಲಿ ದೊಡ್ಡಾಟದ ಕರ್ಣನಾಗಿ ಕಿರೀಟ, ಭುಜಕೀರ್ತಿ ಕಟ್ಟಿ ಬೆಳಗಿನವರೆಗೆ ಕುಣಿದಿದ್ದ ತಾತನ ಮುಖ ಬಾಡುತ್ತದೆ. "ಕರ್ಣ ಅಂಥಾವ ಅಲ್ಲವ್ವ. ಹಂಗ ಬರೆದಾವರು ಯಾರು?" ಎಂದು ಆತ ಮರುಪ್ರಶ್ನೆ ಹಾಕುತ್ತಾನೆ. ಹುಡುಗಿಯ ಕುತೂಹಲ ತಪ್ಪಲ್ಲ. ತಾತನ ನೋವು ಸುಳ್ಳಲ್ಲ. ಈ ಎರಡಕ್ಕೂ ನ್ಯಾಯ ದೊರೆಯಬೇಕು.

ಕಥೆಯೊಂದನ್ನು ಮೆಚ್ಚಿದವರು ಪ್ರಕಾಶಕರ ಅಪ್ಪಣೆಗೆ ಕಾಯದೆ, ತಾವೇ ಚಿತ್ರ ಬರೆದು, ತಾವೇ ಮಾತು ಜೋಡಿಸಿ, ಅಂತರಜಾಲದಲ್ಲಿ ಕಂತುಕಂತಾಗಿ ಹಾಕುವ ಚಿತ್ರಕಥೆಗಳು ಇಂದು ಹೇರಳವಾಗಿವೆ. ಮೂಲದಲ್ಲಿ ಎಂದೂ ಕೂಡದ ಇಬ್ಬರನ್ನು ಕೂಡಿಸುವುದೆಂದರೆ ಈ ಅಭಿಮಾನಿಗಳಿಗೆ ವಿಶೇಷ ಪ್ರೀತಿ. ಪಾತ್ರಗಳ ಮೇಲಿನ ಇಂಥ ಮಮತೆ ಹೊಸದೇನಲ್ಲ. ಇಂಗ್ಲಿಷ್ ಲೇಖಕ ಆರ್ಥರ್ ಕಾನನ್ ಡಾಯ್ಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸನನ್ನು 1893ರಲ್ಲಿ ಕಥೆಯೊಂದರಲ್ಲಿ ಸಾಯಿಸಿದನು. ಓದುಗರು ಅದನ್ನು ಒಪ್ಪಲಿಲ್ಲ. ಕೊನೆಗೆ 1903ರ ಕಥೆಯೊಂದರಲ್ಲಿ ಆತ ಸತ್ತಿರಲೇ ಇಲ್ಲವೆಂದು ಹೇಳಿ ಲೇಖಕನು ಅವನನ್ನು ಮರಳಿ ಕರೆತರಬೇಕಾಯಿತು. ಪಾತ್ರವೊಂದು ಜನಮನದಲ್ಲಿ ನೆಲೆಸಿದ ಮೇಲೆ ಅದು ಕರ್ತೃವೊಬ್ಬನ ಸೊತ್ತಾಗಿ ಉಳಿಯುವುದಿಲ್ಲ.

ಮಹಾಕಾವ್ಯಗಳ ಮಾತಂತೂ ಹೇಳಬೇಕಾದುದೇ ಇಲ್ಲ. ಆದಿಕವಿ ಪಂಪನು 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ'ವನ್ನು ಬರೆದಾಗ, ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ ಹಾಡಿದನು. ಆದುದರಿಂದ ಅವನ ಕಾವ್ಯದಲ್ಲಿ ದ್ರೌಪದಿ ಐವರ ಪತ್ನಿಯಲ್ಲ, ಅರ್ಜುನನೊಬ್ಬನ ಪತ್ನಿ. ಕಾವ್ಯದ ಕೊನೆಯಲ್ಲಿ ಪಟ್ಟಾಭಿಷೇಕವಾಗುವುದು ಧರ್ಮರಾಜನಿಗಲ್ಲ, ಅರ್ಜುನನಿಗೆ. ಪಟ್ಟದರಸಿಯಾಗುವವಳು ದ್ರೌಪದಿಯಲ್ಲ, ಸುಭದ್ರೆ. ಯಕ್ಷಗಾನದ 'ಕನಕಾಂಗಿ ಕಲ್ಯಾಣ'ದಲ್ಲಿ ಅಭಿಮನ್ಯುವು ಬಲರಾಮನ ಮಗಳನ್ನು ವರಿಸುತ್ತಾನೆ. ಅದೇ ಕನ್ಯೆ ಶಶಿರೇಖೆಯೆಂಬ ಹೆಸರಿನಿಂದ 1957ರ 'ಮಾಯಾಬಜಾರ್' ತೆಲುಗು ಚಲನಚಿತ್ರದಲ್ಲಿ ಬಂದು ಜನಪ್ರಿಯಳಾದಳು. ವ್ಯಾಸಭಾರತದಲ್ಲಿ ಈ ಮದುವೆಯ ಸುಳಿವೇ ಇಲ್ಲ.

ಇವೆಲ್ಲಕ್ಕಿಂತ ಸೋಜಿಗವಾದುದು ಹನುಮಂತನ ಕಥೆ. ಕನ್ನಡ ನಾಡಿನ ಊರೂರಿನ ಗುಡಿಯಲ್ಲಿ ಆತ ಬ್ರಹ್ಮಚಾರಿ. ಆದರೆ ವಿಮಲಸೂರಿಯು ಪ್ರಾಕೃತದಲ್ಲಿ ರಚಿಸಿದ ಜೈನ ರಾಮಾಯಣದಲ್ಲಿ ಆತ ವಿದ್ಯಾಧರ ಕುಲದ ರಾಜಕುಮಾರ. ಅವನನ್ನು ಕೈಹಿಡಿದವರಲ್ಲಿ ಒಬ್ಬಳು ರಾವಣನ ತಂಗಿ ಚಂದ್ರನಖಿಯ, ಎಂದರೆ ಶೂರ್ಪನಖಿಯ, ಮಗಳು. ಥಾಯ್ಲೆಂಡಿನ 'ರಾಮಕಿಯೆನ್' ಎಂಬ ರಾಮಾಯಣದಲ್ಲಿ, ಸೇತುವೆಯನ್ನು ಕೆಡಿಸಲು ಬಂದ ರಾವಣನ ಮಗಳು ಸುವರ್ಣಮತ್ಸ್ಯೆಗೂ ಹನುಮಂತನಿಗೂ ಪ್ರೇಮ ಮೂಡುತ್ತದೆ. ಅನಿರೀಕ್ಷಿತ ಜೋಡಿಗಳನ್ನು ಕೂಡಿಸಿದ್ದೇ ಅಪರಾಧವೆನ್ನುವುದಾದರೆ, ಆ ಅಪರಾಧವನ್ನು ಮೊದಲು ಮಾಡಿದವರು ಮಹಾಕವಿಗಳು.

ಹಾಗಾದರೆ ಯಾರು ಯಾರನ್ನು ಕೂಡಿಸಿದರೂ ಸರಿಯೆ? ಅಲ್ಲ. ಇದನ್ನು ತಿಳಿಯಲು ಕರ್ಣ ಭಾನುಮತಿಯರ ಪ್ರಸಂಗಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಚಿತ್ರಕಥೆಯವರ ಕಲ್ಪನೆಗೆ ಬೀಜವಾಗಿರುವುದು ಪಂಪಭಾರತದ ಒಂದು ಪದ್ಯ. ಪಾಂಡವರ ಕಡೆಗೆ ಬಾ ಎಂಬ ಕರೆ ಬಂದಾಗ, ದುರ್ಯೋಧನನನ್ನು ಏಕೆ ಬಿಡಲಾರೆನೆಂಬುದಕ್ಕೆ ಕರ್ಣನು ಹಳೆಯ ನೆನಪೊಂದನ್ನು ಹೇಳುತ್ತಾನೆ. ಭಾನುಮತಿ ನೆತ್ತದಾಟದಲ್ಲಿ ಸೋತಳು, ಸೋತ ಪಣಕ್ಕಾಗಿ ನಡೆದ ಕಾಡಾಟದಲ್ಲಿ ಮುತ್ತಿನ ಹಾರ ಹರಿಯಿತು, ಮುತ್ತುಗಳು ಚೆಲ್ಲಿದವು. ಅದನ್ನು ಕಂಡ ದುರ್ಯೋಧನನು ಕಿಂಚಿತ್ತೂ ಸಂಶಯಪಡದೆ, ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದನು. ಅಂಥ ಒಡೆಯನನ್ನು ಬಿಟ್ಟುಹೋಗುವುದೆಂತು ಎಂಬುದು ಕರ್ಣನ ಮಾತಿನ ತಿರುಳು. ಅಲ್ಲಿ ನೆತ್ತವಾಡಿದವರು ಯಾರಾರು, ಹಾರಕ್ಕೆ ಕೈಯಿಟ್ಟವರು ಯಾರು ಎಂಬುದನ್ನು ಕುರಿತು ಕನ್ನಡ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆಯೇ ನಡೆದಿದೆ. ತಮಿಳು ಕವಿ ವಿಲ್ಲಿಪುತ್ತೂರಾರನ ಭಾರತದಲ್ಲಿಯೂ ಈ ಬಗೆಯ ಪ್ರಸಂಗವಿದೆ, ವ್ಯಾಸಭಾರತದಲ್ಲಿ ಇಲ್ಲ.

ಈ ಪದ್ಯದ ಜೀವವಿರುವುದು ಹರಿದ ಹಾರದಲ್ಲಲ್ಲ, ಹರಿಯದ ನಂಬಿಕೆಯಲ್ಲಿ. ಲೋಕವೆಲ್ಲ ಸೂತಪುತ್ರನೆಂದು ಹೀಯಾಳಿಸಿದವನನ್ನು ಒಬ್ಬನು ಪೂರ್ಣವಾಗಿ ನಂಬಿದನು. ಆ ನಂಬಿಕೆಯ ಋಣಕ್ಕಾಗಿಯೇ ಕರ್ಣನು ರಾಜ್ಯವನ್ನೂ ಒಡಹುಟ್ಟಿದವರನ್ನೂ ಪ್ರಾಣವನ್ನೂ ತೊರೆದನು. ಕರ್ಣ ಭಾನುಮತಿಯರನ್ನು ಪ್ರೇಮಿಗಳಾಗಿಸಿದ ಕೂಡಲೇ ದುರ್ಯೋಧನನು ಮೋಸಹೋದ ಮೂಢನಾಗುತ್ತಾನೆ. ಕರ್ಣನು ಉಂಡ ಮನೆಗೆ ಎರಡು ಬಗೆದವನಾಗುತ್ತಾನೆ. ಕರ್ಣನ ಮರಣಕ್ಕಿದ್ದ ಅರ್ಥವೇ ಕಳಚಿಬೀಳುತ್ತದೆ. ಇದು ಕಥೆಗೆ ಕೂಡಿಸಿದ್ದಲ್ಲ, ಕಥೆಯಿಂದ ಕಳೆದದ್ದು. ತಾತನ ನೋವಿಗೆ ಕಾರಣ ಇದೇ.

ಇದಕ್ಕೆ ಪ್ರತಿಯಾಗಿ ದ್ರೌಪದಿ ಕರ್ಣರ ಜೋಡಿಯನ್ನು ನೋಡಬಹುದು. ಮರಾಠಿ ಜಾನಪದದ 'ಜಾಂಭೂಳ ಆಖ್ಯಾನ'ದಲ್ಲಿ, ಕರ್ಣನತ್ತ ತನ್ನ ಮನಸ್ಸು ಹರಿದುದನ್ನು ದ್ರೌಪದಿ ಒಪ್ಪಿಕೊಳ್ಳಬೇಕಾಗುತ್ತದೆ. ಚಿತ್ರಾ ಬ್ಯಾನರ್ಜಿ ದಿವಾಕರುಣಿ ಅವರು 2008ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿಯ ದ್ರೌಪದಿಯೂ ಆ ಒಲವನ್ನು ಗುಟ್ಟಾಗಿ ಹೊತ್ತು ಬಾಳುತ್ತಾಳೆ. ಮೇಲ್ನೋಟಕ್ಕೆ ಇದೂ ಅಷ್ಟೇ ಅಸಂಭವ. ಆದರೆ ಇದರ ಹಿಂದೆ ಗಂಭೀರವಾದ ಪ್ರಶ್ನೆಯೊಂದಿದೆ. ಸ್ವಯಂವರ ಮಂಟಪದಲ್ಲಿ ಕುಲವನ್ನು ಕೇಳದೆ ಗುಣವನ್ನು ಮಾತ್ರ ನೋಡಿದ್ದರೆ ಏನಾಗುತ್ತಿತ್ತು? ಜೂಜಿನ ಸಭೆಯಲ್ಲಿ ಆ ಹೆಣ್ಣಿಗೆ ಅಪಮಾನವಾದೀತೆ? ಈ ಪ್ರಶ್ನೆಯನ್ನು ಕೇಳಿಕೊಂಡವನು ಮೂಲಕಥೆಗೆ ಮರಳಿದಾಗ ಅದು ಮೊದಲಿಗಿಂತ ಆಳವಾಗಿ ಕಾಣುತ್ತದೆ. ಹಾಗೆಯೇ, ಮುತ್ತು ಚೆಲ್ಲಿದ ಆ ಗಳಿಗೆಯಲ್ಲಿ ಭಾನುಮತಿ ಏನು ಯೋಚಿಸಿದಳು ಎಂಬುದನ್ನು ಪಂಪನ ಪದ್ಯ ಹೇಳುವುದಿಲ್ಲ. ಅವಳ ಮೌನಕ್ಕೆ ಮಾತು ಕೊಡುವ ಚಿತ್ರಕಾರನಿಗೆ ಅಲ್ಲಿ ಧಾರಾಳವಾಗಿ ಸ್ಥಳವಿದೆ. ಕವಿ ತೆರೆದಿಟ್ಟ ಬಾಗಿಲಿನಿಂದ ಒಳಗೆ ಹೋಗುವುದು ಬೇರೆ, ಗೋಡೆಗೆ ಕನ್ನವಿಕ್ಕುವುದು ಬೇರೆ.

ಇಂಥ ಚಿತ್ರಕಥೆಗಳನ್ನು ನಿಷೇಧಿಸಬೇಕೆನ್ನುವವರಿದ್ದಾರೆ. ಅವರ ಭಕ್ತಿಯನ್ನು ಗೌರವಿಸಬೇಕು. ಪೂಜ್ಯ ಪಾತ್ರಗಳನ್ನು ಕೇವಲ ನಗೆಗಾಗಿ ಎಳೆದಾಡುವುದು ಸಭ್ಯತೆಯಲ್ಲ. ಆದರೆ ನಿಷೇಧದಿಂದ ಕುತೂಹಲ ಸಾಯುವುದಿಲ್ಲ, ಮರೆಗೆ ಸರಿಯುತ್ತದೆ, ಅಷ್ಟೆ. ಕಲ್ಪನೆಗೆ ಕಟ್ಟಳೆಯೇ ಬೇಡವೆನ್ನುವವರೂ ಇದ್ದಾರೆ. ಅವರು ಒಂದು ಸಂಗತಿಯನ್ನು ಮರೆಯುತ್ತಾರೆ. ದೊಡ್ಡಾಟ ನೋಡಲು ಕಂಬಳಿ ಹೊದ್ದು ಬಯಲಿನಲ್ಲಿ ಕುಳಿತವರಿಗೆ ಕಥೆ ಮೊದಲೇ ಗೊತ್ತಿತ್ತು. ಆಟದವರು ಹೊಸದೇನನ್ನು ಸೇರಿಸಿದರೂ ಅದು ಹೊಸದೆಂದು ಅವರಿಗೆ ಒಡನೆಯೇ ತಿಳಿಯುತ್ತಿತ್ತು. ಇಂದು ಅನೇಕ ಮಕ್ಕಳಿಗೆ ಪಂಪನಿಗಿಂತ ಮೊದಲು ಮೊಬೈಲು ದೊರೆಯುತ್ತದೆ. ಮೂಲವನ್ನು ಅರಿಯದವರಿಗೆ ಅಭಿಮಾನಿಯ ಊಹೆಯೇ ಮೂಲವಾಗಿಬಿಡುತ್ತದೆ. ಅಪಾಯವಿರುವುದು ಹೊಸ ಜೋಡಿಯಲ್ಲಲ್ಲ, ಹಳೆಯ ಕಥೆಯ ಮರೆವಿನಲ್ಲಿ.

ದೊಡ್ಡಾಟದಲ್ಲಿ ಒಂದು ಸೊಗಸಾದ ಪದ್ಧತಿಯಿದೆ. ಪಾತ್ರಧಾರಿ ರಂಗಕ್ಕೆ ಬಂದೊಡನೆ ಕಥೆ ಮುಂದುವರಿಯುವುದಿಲ್ಲ. ಸಾರಥಿಯು ಅವನನ್ನು ತಡೆದು, ತಾವು ಯಾರು, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ರಾಜನೇ ಆಗಲಿ, ರಾಕ್ಷಸನೇ ಆಗಲಿ, ತನ್ನ ಹೆಸರನ್ನೂ ಬಂದ ಕಾರಣವನ್ನೂ ಸಭೆಗೆ ತಿಳಿಸಿಯೇ ಮುಂದೆ ಹೆಜ್ಜೆಯಿಡಬೇಕು. ಅಂತರಜಾಲದ ಹೊಸ ಜೋಡಿಗಳಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಇದು ನನ್ನ ಕಲ್ಪನೆ, ವ್ಯಾಸನದಲ್ಲ, ಪಂಪನದಲ್ಲ ಎಂದು ಚಿತ್ರಕಾರನು ಮೊದಲ ಪುಟದಲ್ಲಿಯೇ ಹೇಳಬೇಕು. ನೀವಿಬ್ಬರೂ ಏಕೆ ಕೂಡಿದಿರಿ ಎಂದು ಓದುಗನು ಕೇಳಬೇಕು. ಉತ್ತರವಿದ್ದರೆ ಆ ಜೋಡಿ ಉಳಿಯುತ್ತದೆ. ಇಲ್ಲದಿದ್ದರೆ ಅದನ್ನು ಯಾರೂ ಓಡಿಸಬೇಕಾಗಿಲ್ಲ, ತಾನಾಗಿಯೇ ರಂಗ ಬಿಡುತ್ತದೆ.

ವಳಕಮದಿನ್ನಿಯ ಆ ಹುಡುಗಿಯ ಕೈಯಿಂದ ಮೊಬೈಲನ್ನು ಕಿತ್ತುಕೊಳ್ಳುವುದರಿಂದ ಕರ್ಣನ ಮಾನ ಉಳಿಯುವುದಿಲ್ಲ. ತಾತನು ಅವಳನ್ನು ಹತ್ತಿರ ಕೂರಿಸಿಕೊಂಡು, ಮುತ್ತು ಚೆಲ್ಲಿದಾಗ ದುರ್ಯೋಧನನು ಕೇಳಿದ ಆ ಒಂದು ಮಾತನ್ನು ಹೇಳಿದರೆ ಸಾಕು. ಅದನ್ನು ಕೇಳಿದ ಮೇಲೆ ಯಾವ ಕಥೆ ದೊಡ್ಡದೆಂಬುದನ್ನು ಅವಳೇ ತೀರ್ಮಾನಿಸಬಲ್ಲಳು.