ಬೆಳಕಿನ ಮೀನು ಬರೀ ಪುಡಿಯಾಗದಿರಲಿ
ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಮಗೆ ಸಮುದ್ರ ದೂರ. ಆದರೆ ನಮ್ಮ ಮೆಕ್ಕೆಜೋಳ ಸೇರುವ ಕೋಳಿ ಆಹಾರಕ್ಕೆ ಮೀನಿನ ಪುಡಿಯನ್ನೂ ಬೆರೆಸುತ್ತಾರೆ.

ಅರಬ್ಬಿ ಸಮುದ್ರದ ಆಳದಲ್ಲಿ ಲ್ಯಾಂಟರ್ನ್ ಮೀನುಗಳಿವೆ. ಬೆರಳುದ್ದದ ಮೈ, ಹೊಟ್ಟೆಯ ಕೆಳಗೆ ಮಿಂಚುಹುಳದಂಥ ಬೆಳಕಿನ ಚುಕ್ಕಿ. ಹಗಲು ನೂರಾರು ಮೀಟರ್ ಕೆಳಗಿದ್ದು, ರಾತ್ರಿ ಮೇವಿಗೆ ಮೇಲೆ ಬರುತ್ತವೆ. ತಿಂದ ಇಂಗಾಲವನ್ನು ಬೆಳಗಾಗುವಷ್ಟರಲ್ಲಿ ಆಳಕ್ಕೆ ಒಯ್ಯುತ್ತವೆ. ಟ್ಯೂನಾದಂಥ ದೊಡ್ಡ ಮೀನುಗಳಿಗೆ ಇವು ಆಹಾರ.

ಆಳದ ಸಿಗಡಿ ಹಿಡಿಯುವ ಬಲೆಗೆ ಇವೂ ಬೀಳುತ್ತವೆ. ಇವನ್ನೇ ಹಿಡಿದು ಪುಡಿ ಮಾಡುವ ಲೆಕ್ಕಾಚಾರವೂ ಇದೆ. ನಾವು ಹೇಳುವುದಿಷ್ಟೇ: ಎಷ್ಟು ಹಿಡಿದರೆ ಸಮುದ್ರ ತಡೆದೀತು ಎಂಬ ಲೆಕ್ಕ ಮೊದಲು ಆಗಲಿ, ಬಲೆ ಆಮೇಲೆ ಬೀಳಲಿ. ಮರಿಮೀನು ಬಳಿದರೆ ಮುಂದಿನ ವರ್ಷ ಏನಾಗುತ್ತದೆಂದು ಸೂಳೆಕೆರೆ ದಂಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.