ಅಜ್ಜನ ಡಬ್ಬಿಯಲ್ಲಿರುವುದು ಬರೀ ಚಿಲ್ಲರೆಯಲ್ಲ

ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇದ್ದೇ ಇರುತ್ತದೆ. ಟ್ರಂಕಿನ ತಳದಲ್ಲೋ, ದೇವರ ಜಗಲಿಯ ಮೇಲೋ. ಅಲುಗಿಸಿದರೆ ಝಣಝಣ ಅನ್ನುತ್ತದೆ. ‘ಹಳೇ ರೊಕ್ಕ, ಈಗ ನಡೆಯಂಗಿಲ್ಲ’ ಅಂತ ಹಾಗೇ ಮುಚ್ಚಿಟ್ಟಿರುತ್ತೇವೆ. ಹಿರಿಯರು ತೀರಿಕೊಂಡು ಮನೆ ಪಾಲಾಗುವ ದಿನವೇ ಅದರ ನೆನಪಾಗುವುದು.

ನನ್ನ ತವರು ಗಜೇಂದ್ರಗಡದ ಹತ್ತಿರದ ಪುರ್ತಗೇರಿ. ಅಜ್ಜ ಸಂತೆಗಳಲ್ಲಿ ಸೀರೆ ಮಾರುತ್ತಿದ್ದವರು. ಕೈಗೆ ಬಂದ ನಾಣ್ಯಗಳಲ್ಲಿ ವಿಶೇಷ ಅನಿಸಿದ್ದನ್ನು ಹಿತ್ತಾಳೆ ಡಬ್ಬಿಗೆ ಹಾಕುತ್ತಿದ್ದರು. ಅವರು ತೀರಿಕೊಂಡ ಮೇಲೆ ‘ಬೆಳ್ಳಿ ರೂಪಾಯಿ ತೂಕಕ್ಕ ಹಾಕಿ ಮೂರು ಪಾಲ ಮಾಡೂಣು’ ಅಂದರು ಕಾಕಾ. ‘ಹಂಚಬ್ಯಾಡ್ರಿ, ನನ್ನ ಹತ್ರ ಇರಲಿ’ ಅಂದೆ. ‘ಕೊಟ್ಟ ಹೆಣ್ಣಿಗೆ ಇದ್ಯಾಕ?’ ಅನ್ನುವ ಮಾತೂ ಬಂತು. ಕೊನೆಗೆ ಅಜ್ಜಿಯೇ ‘ಆಕಿ ಚಂದಾಗಿ ಇಟ್ಕೋತಾಳ, ಕೊಡ್ರಿ’ ಎಂದು ಡಬ್ಬಿಯನ್ನು ನನ್ನ ಉಡಿಗೆ ಹಾಕಿದರು.

ಅಷ್ಟು ಹಟ ಮಾಡಿ ತಂದವಳು ನಾನು ಮಾಡಿದ್ದೇನು ಗೊತ್ತೇ? ದೀಪಾವಳಿಯ ಲಕ್ಷ್ಮೀಪೂಜೆಗೆಂದು ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದೆ! ಫಳಫಳ ಹೊಳೆದವು. ಮುಂದೊಮ್ಮೆ ನಾಣ್ಯ ಸಂಗ್ರಾಹಕರೊಬ್ಬರಿಗೆ ತೋರಿಸಿದಾಗ ಅವರು ‘ಹೊಳಪು ಬಂತು, ಬೆಲೆ ಹೋತು ನೋಡ್ರಿ ತಂಗಿ’ ಎಂದು ನಿಟ್ಟುಸಿರು ಬಿಟ್ಟರು. ವರ್ಷಗಟ್ಟಲೆ ಲೋಹದ ಮೇಲೆ ಕೂತ ಆ ಕಂದು ಬಣ್ಣವೇ ನಾಣ್ಯಕ್ಕೆ ರಕ್ಷಣೆಯಂತೆ.

ಆದರೆ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕೇಳಬೇಕಾದಾಗ ನಾನು ಕೇಳಲಿಲ್ಲ.

ಡಬ್ಬಿಯಲ್ಲಿ ಎತ್ತಿನ ಚಿತ್ರದ, ಹೂವಿನಂಥ ಅಂಚಿನ ಒಂದಾಣೆ ಇದೆ. ಅದರ ಕಥೆಯನ್ನು ಅಜ್ಜಿ ಹೇಳಿದ್ದರು. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾ ಪೈಸೆ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಆಮೇಲೆ 100 ಪೈಸೆ. ಒಂದಾಣೆ ಕೊಟ್ಟರೆ 6 ಪೈಸೆ, ನಾಲ್ಕಾಣೆ ಕೊಟ್ಟರೆ 25. ಲೆಕ್ಕ ಹಾಕಿ ನೋಡಿ, 16 ಆಣೆಯನ್ನು ಒಂದೊಂದಾಗಿ ಮುರಿಸಿದರೆ ಸಿಗುವುದು 96 ಪೈಸೆ ಮಾತ್ರ! ಶಾಲೆಯ ಮುಖ ನೋಡದ ಅಜ್ಜಿಗೆ ಇದು ಹೊಳೆದಿತ್ತು. ಉಳಿಸಿಟ್ಟ ಆಣೆಗಳನ್ನೆಲ್ಲ ನಾಕು ನಾಕು ಕೂಡಿಸಿಯೇ ಮುರಿಸಿಕೊಂಡರಂತೆ. ಕೊನೆಗೆ ಜೋಡಿ ಸಿಗದೆ ಉಳಿದದ್ದು ಈ ಒಂದಾಣೆ. ಪೇಟೆಯಲ್ಲಿ ಇದಕ್ಕೆ ಹೆಚ್ಚೇನೂ ಬೆಲೆ ಇಲ್ಲ. ನನಗೆ ಮಾತ್ರ ಡಬ್ಬಿಯಲ್ಲೆಲ್ಲ ಇದೇ ದೊಡ್ಡದು.

ಅದರ ಪಕ್ಕದಲ್ಲೇ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ 1919ರ ಬೆಳ್ಳಿ ರೂಪಾಯಿ ಇದೆ. ಅದೊಂದನ್ನೇ ಯಾಕೆ ಸುತ್ತಿಟ್ಟರು? ಅಜ್ಜಿಗೆ ಈಗ ಮರೆವು. ಕೇಳಿದರೆ ‘ಯಾರದೋ ಏನೋ, ಯವ್ವಾ’ ಎಂದು ನಗುತ್ತಾರೆ. ಆ ಕಥೆ ಹೋಯಿತು, ಇನ್ನು ಬರುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ನಾಣ್ಯ ಸಂಗ್ರಹವನ್ನು ಒಡೆದು ಹಂಚಬೇಡಿ, ತೂಕಕ್ಕೂ ಹಾಕಬೇಡಿ. ವಿಲ್ ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆಲ್ಲ 1956ರ ಕಾಯ್ದೆ ಸಮಪಾಲು ಕೊಟ್ಟಿದೆ. ಆದ್ದರಿಂದ ಕದ್ದುಮುಚ್ಚಿ ಇಟ್ಟುಕೊಳ್ಳುವುದೂ ಸರಿಯಲ್ಲ. ಎಲ್ಲರೂ ಒಪ್ಪಿ, ಅಕ್ಕರೆಯಿಂದ ನೋಡಿಕೊಳ್ಳುವ ಒಬ್ಬರ ಕೈಗೆ ಕೊಡಲಿ. ಅದು ಮಗಳಾದರೇನು, ಸೊಸೆಯಾದರೇನು? ಪ್ರತಿ ನಾಣ್ಯದ ಫೋಟೊ ಮತ್ತು ಪಟ್ಟಿ ಮಾತ್ರ ಎಲ್ಲರ ಬಳಿ ಇರಲಿ.

ಒಂದು ನೋಟ್‌ಬುಕ್ ಇಡಿ. ಯಾರಿಂದ ಬಂತು, ಯಾವಾಗ, ಯಾಕೆ ಇಟ್ಟರು ಎಂದು ಬರೆಯಿರಿ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಒಂದೊಂದನ್ನೂ ಬೇರೆ ಬೇರೆ ಒಣ ಕಾಗದದ ಪೊಟ್ಟಣದಲ್ಲಿಡಿ. ಪಿವಿಸಿ ಕವರು ಬೇಡ, ಅರಿಶಿನ ಕುಂಕುಮವೂ ಬೇಡ. ‘ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ರೂಪಾಯಿ, ಮೊದಲು ಫೀಸು ಕಟ್ಟಿ’ ಎಂದು ಫೋನ್ ಬಂದರೆ ಇಟ್ಟುಬಿಡಿ. ತನ್ನ ಹೆಸರಿನಲ್ಲಿ ನಡೆಯುವ ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ.

ಇನ್ನು ಬೆಳೆಸುವುದು ಹೇಗೆ? ದೊಡ್ಡ ಖರ್ಚೇನೂ ಬೇಡ. 2011ರ ಜೂನ್ 30ರಿಂದ ಚಲಾವಣೆ ತಪ್ಪಿದ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ಬಿಲ್ಲೆಗಳನ್ನು ನೆಂಟರ ಮನೆಗಳಲ್ಲಿ ಕೇಳಿ. 2006ರ ಬಸವೇಶ್ವರರ ಐದು ರೂಪಾಯಿ ಹುಡುಕಿ. ಮಕ್ಕಳಿಗೆ ಭೂತಗನ್ನಡಿ ಕೊಟ್ಟು ಇಸವಿಯ ಕೆಳಗೆ ನೋಡಲು ಹೇಳಿ. ವಜ್ರದ ಆಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನಮ್ಮ ಗದಗ ಜಿಲ್ಲೆಯ ಲಕ್ಕುಂಡಿ, ಸೂಡಿಗಳಲ್ಲೂ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಗಳಿದ್ದವು ಅಂದಾಗ ನನ್ನ ಮಗಳು ಕಣ್ಣರಳಿಸಿದ್ದಳು.

ಇಷ್ಟಕ್ಕೂ ಡಬ್ಬಿ ಎಲ್ಲಿಗೂ ಹೋಗುವುದಿಲ್ಲ, ಹೇಳುವವರು ಹೋಗುತ್ತಾರೆ. ಇವತ್ತು ಸಂಜೆಯೇ ಅತ್ತೆಯನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಮುಚ್ಚಳ ತೆಗೆಯಿರಿ. ಕೈಯಲ್ಲೊಂದು ಪೆನ್ನು ಇರಲಿ.